ಸುಳ್ಳು ಮದ್ದಿನ ಮೆಸೇಜ್ ಫಾರ್ವರ್ಡ್ ಮಾಡಿದವರಿಗೂ ಶಿಕ್ಷೆ ಬೇಕೇ?

ಪರ

2021ರ ಏಪ್ರಿಲ್, ಕೋವಿಡ್ ಎರಡನೇ ಅಲೆ. ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಕ್ಸಿಜನ್ ಏರುತ್ತದೆ ಅನ್ನುವ ಮಾತು ನಮ್ಮ ರಾಜ್ಯದ ಮೊಬೈಲುಗಳಲ್ಲೆಲ್ಲ ಓಡಾಡಿತು. ಸಿಂಧನೂರಿನಲ್ಲಿ ಹಾಗೆ ಮಾಡಿಕೊಂಡ ಶಿಕ್ಷಕರೊಬ್ಬರು ತೀರಿಕೊಂಡರು ಎಂದು ಸುದ್ದಿಯಾಯಿತು. ಮನೆಮದ್ದು ನಂಬಿ ಎರಡು ದಿನ ಕೂತರೆ ರಕ್ತದ ಆಕ್ಸಿಜನ್ ಶೇ. 94ರಿಂದ 80ಕ್ಕೆ ಇಳಿದಿರಬಹುದು. ಆಮೇಲೆ ಬೆಡ್‌ಗಾಗಿ ಅಲೆದಾಟ.

"ನಾನು ಬರೆದಿದ್ದಲ್ಲ, ಬಂದಿದ್ದನ್ನ ಕಳಿಸಿದೆ ಅಷ್ಟೇ" ಅನ್ನುತ್ತಾರೆ. ಆ ಮೆಸೇಜ್ ಊರೂರು ತಿರುಗಿದ್ದು ಈ "ಅಷ್ಟೇ"ಯಿಂದಲೇ ಅಲ್ವಾ? 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ, ಗಾಬರಿ ಹುಟ್ಟಿಸುವ ಸುಳ್ಳು ಹಬ್ಬಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಇದೆ. ಹುಸಿ ಧೈರ್ಯ ಕೊಟ್ಟು ಜೀವ ತೆಗೆಯುವ ಸುಳ್ಳಿಗೂ ಶಿಕ್ಷೆ ಬೇಕು. ಜೈಲು ಬೇಡ, ದಂಡವಾದರೂ ಇರಲಿ.

ವಿರೋಧ

ಆ ದಂಡ ಯಾರ ತಲೆಗೆ ಬರುತ್ತದೆ ನೋಡಿ. ಅದೇ ದಿನಗಳಲ್ಲಿ ನಮ್ಮ ಚಿಕ್ಕಮ್ಮ ಫ್ಯಾಮಿಲಿ ಗ್ರೂಪಿಗೆ ಒಂದೇ ಸಮ ಮೆಸೇಜ್ ಹಾಕುತ್ತಿದ್ದರು. ಕಷಾಯ, ಅರಿಸಿನ ಹಾಲು, ಕರ್ಪೂರ. ಚಿಕ್ಕಪ್ಪನಿಗೆ ಪಾಸಿಟಿವ್. ಒಳಗಿನ ರೂಮಿನಿಂದ ಕೆಮ್ಮು ಕೇಳುತ್ತಿತ್ತು. ರಾತ್ರಿ ಎರಡು ಗಂಟೆಗೂ ಚಿಕ್ಕಮ್ಮ ಆನ್‌ಲೈನ್.

ಒಂದು ದಿನ ಆಕ್ಸಿಜನ್ ಸಿಲಿಂಡರಿನವರ ನಂಬರ್ ಬಂತು. "ಮೇಡಂ, ಅರ್ಧ ದುಡ್ಡು ಈಗಲೇ ಹಾಕಿ, ಒಂದು ಗಂಟೇಲಿ ಗಾಡಿ ಬರುತ್ತೆ." ಹನ್ನೆರಡು ಸಾವಿರ ಹಾಕಿದರು. ಗೇಟ್ ತೆಗೆದಿಟ್ಟು ಸಂಜೆವರೆಗೂ ಕಾದರು. ಗಾಡಿ ಬರಲಿಲ್ಲ, ನಂಬರ್ ಸ್ವಿಚ್ ಆಫ್. ಅಷ್ಟರಲ್ಲಿ, ಇನ್ಯಾರಿಗಾದರೂ ಉಪಯೋಗ ಆಗಲಿ ಅಂತ, ಆ ನಂಬರನ್ನು ಮೂರು ಗ್ರೂಪಿಗೆ ಕಳಿಸಿಬಿಟ್ಟಿದ್ದರು.

ಈಗ ಹೇಳಿ, ಕಾನೂನಿನ ಲೆಕ್ಕದಲ್ಲಿ ಅವರು ಮೋಸ ಹೋದವರೋ, ಮೋಸ ಹಬ್ಬಿಸಿದವರೋ? ಚಿಕ್ಕಮ್ಮನ ಸಿಮ್ ಅವರದೇ ಹೆಸರಲ್ಲಿದೆ, ಹಿಡಿಯುವುದು ಸುಲಭ. ದುಡ್ಡು ನುಂಗುವವರು ಬೇರೆ ಯಾರದೋ ಹೆಸರಿನ ಸಿಮ್, ಯಾರದೋ ಬ್ಯಾಂಕ್ ಖಾತೆ ಇಟ್ಟುಕೊಂಡಿರುತ್ತಾರೆ.

ಫಾರ್ವರ್ಡ್ ತಡೆಯಲು ಬೇರೆ ದಾರಿ ಇದೆ. ತುಂಬ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ವಾಟ್ಸಾಪ್ 2020ರ ಏಪ್ರಿಲ್‌ನಲ್ಲೇ ಮಿತಿ ಹಾಕಿತು. ಕಷ್ಟದಲ್ಲಿರುವವರನ್ನು ಕೇಸಿನಿಂದ ಹೆದರಿಸುವುದೂ ಸರಿಯಲ್ಲ. ಸೋಷಿಯಲ್ ಮೀಡಿಯಾದಲ್ಲಿ ಆಕ್ಸಿಜನ್, ಬೆಡ್ ಕೇಳಿಕೊಂಡವರ ಮೇಲೆ ಕ್ರಮ ಕೈಗೊಳ್ಳಬಾರದು ಎಂದು ಮರುವರ್ಷ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಿತು.

ಮಾರನೇ ದಿನ ಚಿಕ್ಕಮ್ಮ ಅದೇ ಮೂರು ಗ್ರೂಪಿಗೆ ಬರೆದರು: "ಈ ನಂಬರ್ ಮೋಸ. ನಾನು ಕಳಕೊಂಡೆ, ನೀವ್ಯಾರೂ ಹಾಕಬೇಡಿ." ದಂಡದ ಭಯ ಇದ್ದಿದ್ದರೆ ಹಿಂದಿನದನ್ನ ಡಿಲೀಟ್ ಮಾಡಿ ಸುಮ್ನೆ ಇದ್ದುಬಿಡುತ್ತಿದ್ದರು.