ಕೆಂಪು ಮಿಡ್ಜೆಟ್ ಬೇಡ ಅಂದಿದ್ದು ಯಾಕೆ

ಹೋದ ತಿಂಗಳು ಎಂಜಿ ಮಿಡ್ಜೆಟ್ ಅನ್ನುವ ಹಳೆಯ ಕೆಂಪು ಕಾರಿನ ಪಕ್ಕ ನಿಂತ ಫೋಟೊ ಹಾಕಿದ್ದೆ. ಅವತ್ತಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ: ‘ತಗೊಂಡ್ಯಾ?’ ಇಲ್ಲ, ತಗೊಳ್ಳಲಿಲ್ಲ. ಆದರೆ ಮಿಡ್ಜೆಟ್ ಆಸೆ ಬಿಟ್ಟಿಲ್ಲ. ಈ ಶನಿವಾರ ಇನ್ನೊಂದನ್ನು ತರಲು ಹೋಗುತ್ತಿದ್ದೇನೆ. ನೋಡಲಿಕ್ಕೆ ಅದು ಕೆಂಪು ಕಾರಿನ ಮುಂದೆ ಏನೇನೂ ಅಲ್ಲ. ಹಸಿರು ಬಣ್ಣ ಮಂಕಾಗಿದೆ. ಮುಂದಿನ ಮಡ್ಗಾರ್ಡಿನ ಕೆಳತುದಿಯಲ್ಲಿ ತುಕ್ಕು ಹತ್ತು ಅಡಿ ದೂರದಿಂದಲೇ ಕಾಣುತ್ತದೆ. ‘ತುಕ್ಕು ಹಿಡಿದದ್ದನ್ನು ದುಡ್ಡು ಕೊಟ್ಟು ತರ್ತೀಯಾ?’ ಅಂತ ತಂಗಿ ಊರಿಂದ ಫೋನ್ ಮಾಡಿ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮಿಡ್ಜೆಟ್ ಗೊತ್ತಿಲ್ಲದವರಿಗೆ ಎರಡು ಮಾತು. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಹೆಸರು. ಈ ಕಾರನ್ನು 1961ರಿಂದ 1979ರವರೆಗೆ ಅಲ್ಲೇ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಲ್ಲಿ ಮಾಡಿದರು. ಎರಡೇ ಸೀಟು. ತಲೆ ಮೇಲೆ ಮಡಚುವ ಬಟ್ಟೆಯ ಟಾಪ್. ತೂಕ ಸುಮಾರು 700 ಕಿಲೊ, ನಮ್ಮ ಮಾರುತಿ 800ಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ನಾನು ಹುಡುಕುತ್ತಿದ್ದದ್ದು 1275 ಸಿಸಿ ಎಂಜಿನ್ ಇರುವ, 1972ರಿಂದ 74ರ ನಡುವಿನ ಮಾದರಿ. ಆ ಮೂರು ವರ್ಷ ಮಾತ್ರ ಹಿಂದಿನ ಚಕ್ರದ ಮೇಲಿನ ಕಮಾನನ್ನು ದುಂಡಗೆ ಕತ್ತರಿಸಿದ್ದರು. ನನ್ನ ಕಣ್ಣಿಗೆ ಅದೇ ಚಂದ. ಅದರಲ್ಲಿ ಕೂತರೆ ರಸ್ತೆ ಎಷ್ಟು ಹತ್ತಿರ ಅಂದರೆ, ಬಾಗಿಲ ಮೇಲಿಂದ ಕೈ ಇಳಿಬಿಟ್ಟರೆ ನೆಲ ಸಿಕ್ಕೇಬಿಡುತ್ತದೆ ಅನಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲೂ ಹಾರಿಹೋದ ಹಾಗಿರುತ್ತದೆ.

ನನಗೆ ಈ ಕಾರು ಹಿಡಿಸಲು ಇನ್ನೊಂದು ಕಾರಣ ಇದೆ. ಅಪ್ಪ ಕುಂದಾಪುರದಲ್ಲಿ ಬಹಳ ವರ್ಷ ಅಂಬಾಸಿಡರ್ ಬಾಡಿಗೆಗೆ ಓಡಿಸುತ್ತಿದ್ದರು. ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷರ ಬಿ ಸೀರೀಸ್. ಮಿಡ್ಜೆಟ್‌ನದ್ದು ಅದೇ ಮನೆತನದ ಸಣ್ಣ ಎಂಜಿನ್, ಎ ಸೀರೀಸ್. ಮಿನಿ, ಮಾರಿಸ್ ಮೈನರ್ ಕಾರುಗಳಲ್ಲಿ ಇದ್ದದ್ದೂ ಇದೇ. ಮೊದಲ ಸಲ ಒಬ್ಬರು ನನ್ನೆದುರು ಮಿಡ್ಜೆಟ್ ಸ್ಟಾರ್ಟ್ ಮಾಡಿದಾಗ ನಾನು ಮಾತು ನಿಲ್ಲಿಸಿಬಿಟ್ಟೆ. ಬೆಳಗಿನ ಐದು ಗಂಟೆಗೆ ಮಂಗಳೂರು ಬಾಡಿಗೆಗೆ ಹೊರಟ ಅಪ್ಪ ಅಂಗಳದಲ್ಲಿ ಚೋಕ್ ಎಳೆದು ನಿಂತ ಹಾಗಾಯಿತು. ಇಂಗ್ಲೆಂಡಿಗೆ ಬಂದು ಹದಿನಾರು ವರ್ಷವಾಯಿತು. ಆ ಸದ್ದು ಇಲ್ಲಿ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಆದರೆ ಈ ಕಾರನ್ನು ಎಂಜಿನ್ ನೋಡಿ ಕೊಳ್ಳಬಾರದು. ಎ ಸೀರೀಸ್ ಎಂಜಿನ್ ಕೆಟ್ಟರೆ ಸರಿಮಾಡುವವರು ಊರಿಗೊಬ್ಬರು ಇದ್ದಾರೆ, ಬಿಡಿಭಾಗವೂ ಅಗ್ಗ. ಗೇರ್‌ಬಾಕ್ಸ್, ಬ್ರೇಕ್ ಎಲ್ಲ ಹಾಗೇ. ಮಿಡ್ಜೆಟ್ ಸಾಯುವುದು ತಗಡಿನಿಂದ.

ಯಾಕೆ ಅಂದರೆ ಇದಕ್ಕೆ ಲಾರಿ, ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಅದರ ಮೇಲೆ ಛಾವಣಿಯೂ ಇಲ್ಲ. ರಟ್ಟಿನ ಪೆಟ್ಟಿಗೆಯ ಮುಚ್ಚಳ ಕತ್ತರಿಸಿ ತೆಗೆದು ಎರಡು ತುದಿ ಹಿಡಿದು ಎತ್ತಿ ನೋಡಿ, ನಡು ಬಾಗುತ್ತದೆ. ಇದೂ ಹಾಗೆ. ಬಾಗದ ಹಾಗೆ ಹಿಡಿದಿಡುವುದು ಮುಖ್ಯವಾಗಿ ಬಾಗಿಲ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗುವ ಎರಡು ಟೊಳ್ಳು ತಗಡಿನ ಪೆಟ್ಟಿಗೆಗಳು. ಇಲ್ಲಿನವರು ಸಿಲ್ ಅನ್ನುತ್ತಾರೆ. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಖಾಲಿ. ಆ ಖಾಲಿ ಜಾಗಕ್ಕೆ ಕೆಸರು ಹೋಗಿ ಕೂರುತ್ತದೆ. ಕೆಸರು ನೀರು ಹಿಡಿದಿಟ್ಟುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲದ ರಾತ್ರಿ ರಸ್ತೆ ಹೆಪ್ಪುಗಟ್ಟಬಾರದು ಅಂತ ಕಲ್ಲುಪ್ಪು ಚೆಲ್ಲುತ್ತಾರೆ. ಅದನ್ನು ಅಗೆಯಲು ಚೆಷರ್‌ನ ವಿನ್ಸ್‌ಫರ್ಡಿನಲ್ಲಿ ನೆಲದಡಿಯ ಗಣಿಯೇ ಇದೆ. ಚಕ್ರ ಎರಚಿದ ಆ ಉಪ್ಪುನೀರು ಸಿಲ್ ಒಳಗೆ ಸೇರಿದರೆ ಕಬ್ಬಿಣ ತಿನ್ನುವ ಕೆಲಸ ಒಳಗಿಂದ ಶುರುವಾಗುತ್ತದೆ. ಹೊರಗೆ ಒಂದು ಸಣ್ಣ ಗುಳ್ಳೆ ಎದ್ದು ಕಾಣುವಷ್ಟರಲ್ಲಿ ಒಳಗಿನ ತಗಡು ಹಪ್ಪಳವಾಗಿರುತ್ತದೆ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದ ಗಾಳಿಗೆ ನಮ್ಮ ಮನೆಯ ಕಿಟಕಿ ಸರಳು, ಗೇಟು, ಸೈಕಲ್ಲು ಯಾವುದೂ ಉಳಿಯುತ್ತಿರಲಿಲ್ಲ. ಅಪ್ಪ ಪ್ರತಿ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ಕಾರಿನ ಅಡಿಗೆ ವೇಸ್ಟ್ ಆಯಿಲ್ ಬಳಿಯುತ್ತಿದ್ದರು. ನಾನು ಟಾರ್ಚ್ ಹಿಡಿಯುತ್ತಿದ್ದೆ.

ಈಗ ಕೆಂಪು ಕಾರಿನ ಮಾತು. ಕೇಳಿದ ಬೆಲೆ 6,800 ಪೌಂಡ್. ಬಣ್ಣ ಕನ್ನಡಿಯ ಹಾಗಿತ್ತು. ಸೀಟು ಹೊಸದು, ಕಾರ್ಪೆಟ್ ಹೊಸದು, ಕ್ರೋಮ್ ಎಲ್ಲ ಫಳಫಳ. ಓಡಿಸಿ ನೋಡಿದೆ, ಚೆನ್ನಾಗಿತ್ತು. ಅಲ್ಲೇ ಕೈ ಕುಲುಕಿ ಬರಬೇಕು ಅನ್ನುವಷ್ಟು ಮನಸ್ಸಾಗಿತ್ತು. ಜೇಬಿನಲ್ಲಿ ತೆಳು ಬಟ್ಟೆ ಸುತ್ತಿದ ಆಯಸ್ಕಾಂತ ಇತ್ತು. ಅದನ್ನು ಬಾಗಿಲ ಹಿಂದಿನ ಮೂಲೆಯ ಕೆಳಗೆ ಇಟ್ಟೆ. ಹಿಡಿಯಲಿಲ್ಲ, ಜಾರಿ ಬಿತ್ತು. ಒಂದು ಗೇಣು ಮೇಲಿಟ್ಟೆ, ಹಿಡಿಯಿತು. ಅಂದರೆ ಕೆಳಗಿರುವುದು ತಗಡಲ್ಲ, ಪುಟ್ಟಿ. ಆಮೇಲೆ ಒಪ್ಪಿಗೆ ಕೇಳಿ ಒಂದು ಕಡೆ ಜಾಕ್ ಕೊಟ್ಟು ಎತ್ತಿಸಿದೆ. ಎತ್ತುವ ಮುಂಚೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಎತ್ತಿದ ಮೇಲೆ ಹಿಂದಿನ ಕಂಬಕ್ಕೆ ಉಜ್ಜತೊಡಗಿತು. ಕಾರು ನಡುವಿನಲ್ಲಿ ಬಾಗುತ್ತಿದೆ ಅಂತ ಅದು ತಾನೇ ಹೇಳಿತು. ಅಡಿಯಲ್ಲಿ ಹೊಸ ಕಪ್ಪು ಡಾಂಬರಿನಂಥ ಲೇಪ ದಪ್ಪಗೆ ಹಚ್ಚಿದ್ದರು. ಅದರ ಕೆಳಗೆ ಹಳೆ ಸಿಲ್ ಕತ್ತರಿಸದೆ, ಅದರ ಮೇಲೇ ಇನ್ನೊಂದು ತಗಡು ಮುಚ್ಚಿ ಬೆಸುಗೆ ಹಾಕಿದ ಗೆರೆ ಬೆರಳಿಗೆ ಸಿಕ್ಕಿತು.

ಮನೆಗೆ ಬಂದು ನಂಬರ್ ಹಾಕಿ ಎಂಒಟಿ ಚರಿತ್ರೆ ತೆಗೆದೆ. ಎಂಒಟಿ ಅಂದರೆ ಇಲ್ಲಿ ಪ್ರತಿ ವರ್ಷ ಮಾಡಿಸಬೇಕಾದ ಸುರಕ್ಷತೆಯ ತಪಾಸಣೆ. ಫಲಿತಾಂಶವನ್ನು ಸರ್ಕಾರದ ಸೈಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಕೆಂಪು ಕಾರಿನ ಕೊನೆಯ ತಪಾಸಣೆ 2017ರಲ್ಲಿ. ಎರಡೂ ಸಿಲ್ಲಿಗೆ ತುಕ್ಕು ಹಿಡಿದಿದೆ ಅಂತ ಎಚ್ಚರಿಕೆ ಬರೆದಿದ್ದಾರೆ. ಅದರ ಮುಂದೆ ಖಾಲಿ. 2018ರ ಮೇ ತಿಂಗಳಿಂದ, ದೊಡ್ಡ ಬದಲಾವಣೆ ಮಾಡಿಸದ 40 ವರ್ಷ ದಾಟಿದ ಕಾರುಗಳಿಗೆ ಈ ತಪಾಸಣೆ ಕಡ್ಡಾಯ ಅಲ್ಲ. ರಸ್ತೆ ತೆರಿಗೆಯೂ ಮಾಫಿ. ಹಳೆ ಕಾರು ಪ್ರೀತಿಸುವವರೆಲ್ಲ ಇದನ್ನು ಒಳ್ಳೆಯ ಸುದ್ದಿ ಅಂತ ಹಂಚಿಕೊಂಡರು. ತೆರಿಗೆ ಮಾಫಿ ಸರಿ. ತಪಾಸಣೆ ಬಿಟ್ಟದ್ದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ತುಕ್ಕಿಗೆ ವಿನಾಯಿತಿ ಗೊತ್ತಾಗುವುದಿಲ್ಲ ಅಲ್ವಾ?

ಇದು ಅಂದಚಂದದ ವಿಷಯ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಎಂಒಟಿಯಲ್ಲಿ ಒಂದು ಅಳತೆ ಇದೆ. ಸೀಟ್ ಬೆಲ್ಟ್ ಬಿಗಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ಗಟ್ಟಿ ಇಲ್ಲದಿದ್ದರೆ ಕಾರು ಫೇಲ್. ಮಿಡ್ಜೆಟ್‌ನಲ್ಲಿ ಸಿಲ್ಲು, ನೆಲ ಎರಡೂ ಬೆಲ್ಟಿನ ಪಕ್ಕದಲ್ಲೇ ಇವೆ. ಏರ್‌ಬ್ಯಾಗ್ ಇಲ್ಲ, ಛಾವಣಿ ಇಲ್ಲ. ಅಪಘಾತ ಆದರೆ ಇರುವುದು ಆ ಬೆಲ್ಟು ಒಂದೇ. ಬೆಲ್ಟು ಪುಟ್ಟಿಗೆ ಅಂಟಿಕೊಂಡಿದ್ದರೆ? ಪಕ್ಕದ ಸೀಟಿನಲ್ಲಿ ಮಗಳು ಕೂರುತ್ತಾಳೆ. ಅವಳಿಗೆ ಹನ್ನೊಂದು ವರ್ಷ. ಅಲ್ಲಿಗೆ ಕೆಂಪು ಕಾರಿನ ಆಸೆ ಮುಗಿಯಿತು.

ಮಾರುವವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಅವರೂ ಎರಡು ವರ್ಷದ ಹಿಂದೆ ಬಣ್ಣ ನೋಡಿ ಕೊಂಡವರೇ. ನಾನು ಕಂಡದ್ದನ್ನು ಅವರಿಗೆ ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ನೋಡಿಸ್ತೀನಿ’ ಅಂದರು.

ಕೆಂಪನ್ನೇ ಕೊಂಡು ರಿಪೇರಿ ಮಾಡಿಸಬಹುದಿತ್ತಲ್ಲ ಅಂತ ಇಬ್ಬರು ಕೇಳಿದ್ದಾರೆ. ಲೆಕ್ಕ ಹಾಕಿಸಿದ್ದೆ. ಸಿಲ್ಲಿನ ತಗಡಿಗೆ ದೊಡ್ಡ ಬೆಲೆ ಇಲ್ಲ, ಕೂಲಿಯೇ ಎಲ್ಲ. ಇಲ್ಲಿನ ವೆಲ್ಡರ್ ಹೇಳಿದ್ದು ಎರಡೂ ಕಡೆ ಸೇರಿ ಕಡಿಮೆ ಅಂದರೂ 50 ಗಂಟೆ, ಗಂಟೆಗೆ 55 ಪೌಂಡ್. ಅಲ್ಲಿಗೆ 2,750 ಆಯಿತು. ಸಿಲ್ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಸರಳು ಬೆಸೆದು ಬಾಡಿ ಮಡಚದ ಹಾಗೆ ಹಿಡಿಯಬೇಕು. ಬಿಚ್ಚಿದ ಮೇಲೆ ನೆಲ, ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಕೂರುವ ಜಾಗ, ಬಾಗಿಲ ಕಂಬದ ಬುಡ ಹೇಗಿರುತ್ತದೋ ಈಗಲೇ ಹೇಳಲಾಗದು ಅಂದರು. ಆಮೇಲೆ ಬಣ್ಣ ಬೇರೆ. ಆಕ್ಸ್‌ಫರ್ಡ್‌ಷೈರ್‌ನ ವಿಟ್ನಿಯಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನುವವರು ಹಳೆಯ ಅಚ್ಚುಗಳಿಂದಲೇ ಮಿಡ್ಜೆಟ್‌ಗೆ ಹೊಸ ಬಾಡಿ ಮಾಡಿಕೊಡುತ್ತಾರೆ. ಅಂಥವರು ಇದ್ದಾರೆ ಅನ್ನುವುದೇ ಸಂತೋಷ. ಆದರೆ ಆ ಬಾಡಿಯ ಬೆಲೆ ನನ್ನ ಕೈಗೆಟುಕುವುದಲ್ಲ.

‘ಹೂಡಿಕೆ ಅಂತ ತಗೋ, ಬೆಲೆ ಏರುತ್ತೆ’ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಮಿಡ್ಜೆಟ್‌ಗಳನ್ನು 2 ಲಕ್ಷಕ್ಕೂ ಹೆಚ್ಚು ಮಾಡಿದ್ದಾರೆ. ಅಪರೂಪದ ಕಾರಲ್ಲ. ವೆಲ್ಡಿಂಗಿಗೆ ಹಾಕಿದ ದುಡ್ಡು ವಾಪಸ್ ಬರುತ್ತದೆ ಅಂತ ನಂಬಿ ಯಾರೂ ಇದಕ್ಕೆ ಕೈ ಹಾಕಬೇಡಿ.

ಗೆಳೆಯನೊಬ್ಬ ಮಜ್ದಾ ಎಂಎಕ್ಸ್-5 ತಗೋ ಅಂದ. ಅದೂ ಎರಡು ಸೀಟಿನ, ಮಡಚುವ ಟಾಪಿನ ಜಪಾನಿ ಕಾರು. ಒಳ್ಳೆಯ ಸಲಹೆಯೇ. 1989ರಲ್ಲಿ ಬಂದ ಮೊದಲ ಮಾದರಿ ಹಗುರ, ನಂಬಿಕಸ್ಥ, ಓಡಿಸಲು ಮಿಡ್ಜೆಟ್‌ಗಿಂತ ಎಷ್ಟೋ ಮೇಲು. ಅದಕ್ಕೂ ಹಿಂದಿನ ಚಕ್ರದ ಮುಂದೆ ಸಿಲ್ಲಿಗೇ ತುಕ್ಕು. ಟಾಪ್ ಮೇಲೆ ಬಿದ್ದ ಮಳೆನೀರು ಇಳಿಯುವ ದಾರಿ ಕಟ್ಟಿಕೊಂಡರೆ ಸಾಕು, ತುಕ್ಕು ಶುರು. ಆದರೂ ಇಂಥ ಕಾರನ್ನು ಮೊದಲ ಸಲ ಕೊಳ್ಳುವವರಿಗೆ ನಾನೂ ಎಂಎಕ್ಸ್-5 ತಗೊಳ್ಳಿ ಅಂತಲೇ ಹೇಳುತ್ತೇನೆ. ನನಗೆ ಮಾತ್ರ ಆ ಸದ್ದು ಬೇಕು, ಸ್ಪ್ಯಾನರ್ ಹಿಡಿದು ನಾನೇ ಬಿಚ್ಚಿ ಕೂರಿಸುವ ಎಂಜಿನ್ ಬೇಕು.

ಹಸಿರು ಕಾರು ಸಿಕ್ಕಿದ್ದು ಆಮೇಲೆ. 1972ರದ್ದು, ಕೇಳಿದ್ದು 5,200 ಪೌಂಡ್. 28 ವರ್ಷದಿಂದ ಒಬ್ಬರದೇ ಕೈಯಲ್ಲಿದೆ. ನಿವೃತ್ತ ಮೇಷ್ಟ್ರು. ದಪ್ಪ ಫೈಲ್ ತಂದು ಮೇಜಿನ ಮೇಲಿಟ್ಟರು. 1998ರಲ್ಲಿ ಸಿಲ್ ಬದಲಿಸಿದಾಗಿನ ಫೋಟೊಗಳಿದ್ದವು. ಹಳೆಯದನ್ನು ಪೂರ್ತಿ ಕತ್ತರಿಸಿ ತೆಗೆದದ್ದು, ಒಳಗಿನ ಹೊಸ ತಗಡು, ಹೊರಗಿನದು, ಒಂದೊಂದಕ್ಕೂ ಫೋಟೊ. ಎರಡು ವರ್ಷಕ್ಕೊಮ್ಮೆ ಸಿಲ್ಲಿನ ತೂತಿನಿಂದ ಒಳಕ್ಕೆ ಕಾಯಿಸಿದ ಮೇಣ ಸಿಂಪಡಿಸುತ್ತಾರಂತೆ. ಡಿಸೆಂಬರಿನಿಂದ ಮಾರ್ಚ್ ತನಕ ರಸ್ತೆಗೆ ಇಳಿಸುವುದಿಲ್ಲ. ಕಡ್ಡಾಯ ಅಲ್ಲದಿದ್ದರೂ ಪ್ರತಿ ವರ್ಷ ಎಂಒಟಿ ಮಾಡಿಸಿದ್ದಾರೆ. ಹೋದ ವರ್ಷದ್ದರಲ್ಲಿ ಬರೆದದ್ದು ಒಂದೇ, ಮುಂದಿನ ಮಡ್ಗಾರ್ಡಿನ ಕೆಳತುದಿಗೆ ತುಕ್ಕು. ಅದು ನಟ್ಟು ಬೋಲ್ಟಿನಲ್ಲಿ ಕೂತ ಮಡ್ಗಾರ್ಡ್. ಬಿಚ್ಚಿ ಬೇರೆ ಹಾಕಬಹುದು, ಬಾಡಿಯ ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಆಯಸ್ಕಾಂತ ಎಲ್ಲ ಕಡೆ ಗಟ್ಟಿಯಾಗಿ ಹಿಡಿಯಿತು. ಜಾಕ್ ಕೊಟ್ಟು ಎತ್ತಿದರೂ ಬಾಗಿಲು ಟಪ್ ಅಂತ ಮುಚ್ಚಿತು.

ಅಲ್ಲಿಂದಲೇ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಹೊರಗಿನಿಂದ ಒಂದು ಸುತ್ತು ತೋರಿಸಹೊರಟೆ. ಅರ್ಧಕ್ಕೇ ತಡೆದರು. ‘ಬಣ್ಣ ಎಂತ ಕಾಂಬ್ದ್ ಮಗಾ, ಅಡಿ ಕಾಣ್’ ಅಂದರು. ಫೋನನ್ನು ಕಾರಿನಡಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿದು ಒದ್ದೆ ಜಲ್ಲಿಯ ಮೇಲೆ ಅಂಗಾತ ಮಲಗಿದೆ. ಎಡ ಸಿಲ್ಲು, ಬಲ ಸಿಲ್ಲು, ಪಾಟಾ ಕೂತ ಜಾಗ, ನೆಲ. ಹತ್ತು ನಿಮಿಷ ಅಪ್ಪ ಏನೂ ಮಾತಾಡಲಿಲ್ಲ. ಕೊನೆಗೆ ಮೇಷ್ಟ್ರ ಹತ್ತಿರ ಒಂದು ಪ್ರಶ್ನೆ ಕೇಳಿಸಿದರು: ರಾತ್ರಿ ಎಲ್ಲಿ ನಿಲ್ಲಿಸುತ್ತಾರೆ? ಗಾಳಿಯಾಡುವ ಶೆಡ್ಡಿನಲ್ಲಿ ಅಂತ ಉತ್ತರ ಬಂತು. ‘ಹಾಂಗಾರೆ ತಕ್ಕೊ’ ಅಂದರು.

ಆ ಪ್ರಶ್ನೆ ನನಗೂ ಅನ್ವಯಿಸುತ್ತದೆ. ನಮ್ಮ ಮನೆಗೆ ಗ್ಯಾರೇಜ್ ಇಲ್ಲ. ಹೊರಗೆ ನಿಲ್ಲಿಸಿ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಕಾರಿಗಿಂತ ಮೊದಲು ಜಾಗ ನೋಡಿದೆ. ಎರಡು ಬೀದಿ ಆಚೆ ತೇವ ಇಲ್ಲದ ಒಂದು ಗ್ಯಾರೇಜ್ ಬಾಡಿಗೆಗೆ ಸಿಕ್ಕಿತು, ತಿಂಗಳಿಗೆ 60 ಪೌಂಡ್. ಅದು ಸಿಗದೇ ಇದ್ದಿದ್ದರೆ ಹಸಿರು ಕಾರನ್ನೂ ಬೇಡ ಅನ್ನುತ್ತಿದ್ದೆ. ಮೇಷ್ಟ್ರು ಇಷ್ಟು ವರ್ಷ ಕಾಪಾಡಿದ್ದನ್ನು ನಾನು ಎರಡು ಚಳಿಗಾಲದಲ್ಲಿ ಹಾಳು ಮಾಡಲು ಮನಸ್ಸು ಬರುವುದಿಲ್ಲ.

ಶನಿವಾರ ಬೆಳಿಗ್ಗೆ ರೈಲಿನಲ್ಲಿ ಹೋಗಿ, ಮೋಟರ್‌ವೇ ಬಿಟ್ಟು ಸಣ್ಣ ರಸ್ತೆಗಳಲ್ಲಿ ವಾಪಸ್ ಬರುತ್ತೇನೆ. ಸುಮಾರು 70 ಮೈಲಿ. ಮಗಳೂ ಬರುತ್ತಾಳೆ. ಮಧ್ಯಾಹ್ನ ಮಳೆ ಅಂತ ಹೇಳಿದ್ದಾರೆ, ಆ ಬಟ್ಟೆಯ ಟಾಪ್ ಸೋರದೇ ಇರುವುದಿಲ್ಲ. ಗ್ಯಾರೇಜಿಗೆ ಬಂದ ತಕ್ಷಣ ಕಾರ್ಪೆಟ್ ಎತ್ತಿ ಒಣಗಲು ಹಾಕಬೇಕು. ಟಾರ್ಚ್ ಹಿಡಿಯುತ್ತೇನೆ ಅಂತ ಮಗಳು ಆಗಲೇ ಹೇಳಿದ್ದಾಳೆ.