ಗಲ್ಲಾದ ದುಡ್ಡಿನಲ್ಲಿ ಬಿಟ್‌ಕಾಯಿನ್‌ಗೂ ಒಂದು ಪಾಲು ಬೇಕೇ?

ಪರ

2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಪಿಎಂಸಿ ಸಹಕಾರಿ ಬ್ಯಾಂಕಿನ ಮುಂದೆ ನಿಂತ ಠೇವಣಿದಾರರಿಗೆ ಮೊದಲು ಹೇಳಿದ ಲೆಕ್ಕ: ಆರು ತಿಂಗಳಿಗೆ ಸಾವಿರ ರೂಪಾಯಿ ಮಾತ್ರ ತೆಗೆಯಬಹುದು. 2016ರ ನವೆಂಬರ್ 8ರ ರಾತ್ರಿ ಮಾಟುಂಗಾದ ಹೋಟೆಲ್ ಗಲ್ಲಾಗಳಲ್ಲಿದ್ದ ಐನೂರು, ಸಾವಿರದ ನೋಟುಗಳ ಕಥೆ ಹೇಳಬೇಕಿಲ್ಲ. ದುಡ್ಡು ನಮ್ಮದು, ಅದನ್ನು ಮುಟ್ಟುವ ನಿಯಮ ಇನ್ನೊಬ್ಬರದು.

ನೂರರ ನೋಟಿನ ಮೇಲೆ ಗವರ್ನರರ ವಾಗ್ದಾನವಿದೆ. ಅದಕ್ಕೆ ಎಷ್ಟು ಇಡ್ಲಿ ಬರುತ್ತದೆ ಎಂಬ ವಾಗ್ದಾನವಿಲ್ಲ. ಹಣದುಬ್ಬರ ಶೇ 4, ಹೆಚ್ಚೆಂದರೆ 6 ಎಂಬುದು ಗುರಿ. 2022ರಲ್ಲಿ ಸತತ ಮೂರು ತ್ರೈಮಾಸಿಕ ಅದು ಗೆರೆ ದಾಟಿತು. ಯಾಕೆಂದು ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಪತ್ರ ಬರೆಯಿತು, ಜನರಿಗೆ ಪತ್ರ ತೋರಿಸಲಿಲ್ಲ. ಯಾವ ಬ್ಯಾಂಕೂ ಹೊರಡಿಸದ ಡಿಜಿಟಲ್ ನಾಣ್ಯ ಬಿಟ್‌ಕಾಯಿನ್‌ನಲ್ಲಿ ಗುಟ್ಟೇನಿಲ್ಲ: ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್ (ಲೆಕ್ಕದ ಪುಸ್ತಕದ ಹೊಸ ಪುಟ), 2024ರ ಏಪ್ರಿಲ್‌ನಿಂದ ಬ್ಲಾಕಿಗೆ 3.125 ಹೊಸ ನಾಣ್ಯ, ಒಟ್ಟು 2.1 ಕೋಟಿ ಮೀರದು.

ಗಲ್ಲಾ ಬರಿದು ಮಾಡಿ ಎನ್ನುತ್ತಿಲ್ಲ. ನೂರರಲ್ಲಿ ಎರಡೋ ಮೂರೋ ಸಾಕು. ಆದರೆ ಕೊಂಡದ್ದನ್ನು ಎಕ್ಸ್‌ಚೇಂಜಿನಲ್ಲೇ, ಅಂದರೆ ನಾಣ್ಯ ಕೊಂಡು ಮಾರುವ ಕಂಪನಿಯ ಕೈಯಲ್ಲೇ, ಬಿಡಬೇಡಿ. ಹಾರ್ಡ್‌ವೇರ್ ವ್ಯಾಲೆಟ್ (ನಾಣ್ಯದ ಕೀಲಿ ಕಾಯುವ ಪುಟ್ಟ ಸಾಧನ) ತೋರಿಸುವ 24 ಪದಗಳನ್ನು ಕೈಯಲ್ಲೇ ಬರೆದುಕೊಳ್ಳಿ, ಫೋಟೊ ಬೇಡ; ಸಾಧನ ಹೋದರೂ ನಾಣ್ಯ ಮರಳಿ ಸಿಗುವುದು ಈ ಪದಗಳಿಂದ. ಚಿಲ್ಲರೆ ಮೊತ್ತ ಕಳಿಸಿ, ವ್ಯಾಲೆಟ್ ಅಳಿಸಿ, ಆ ಪದಗಳಿಂದಲೇ ಮತ್ತೆ ತೆರೆಯಿರಿ. ತೆರೆದರೆ ಮಾತ್ರ ದೊಡ್ಡ ಮೊತ್ತ. (ಡೊಂಬಿವಲಿಯ ಮಳೆಗಾಲದಲ್ಲಿ ಕಪಾಟಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಸ್ಟೀಲ್ ತಗಡಿನ ಮೇಲೆ ನೀವೇ ಕೊರೆದಿಡಿ.)

ವಿರೋಧ

ತಗಡು ಕೊರೆಯುವಷ್ಟು ವ್ಯವಧಾನ ಇರುವವರು ಎಷ್ಟು ಜನ? ಫೋನಿನಲ್ಲೇ ಪಿ-ಟು-ಪಿ, ಅಂದರೆ ಒಬ್ಬರಿಂದ ನೇರ ಇನ್ನೊಬ್ಬರಿಗೆ, ವ್ಯವಹಾರ ಮಾಡುವವರೂ ಇದ್ದಾರೆ. ನಾಣ್ಯ ಮಾರಿದ ಕೂಡಲೇ ಯುಪಿಐನಲ್ಲಿ ಹಣ ಬರುತ್ತದೆ, ಖುಷಿ. ಆ ಹಣ ಯಾರಿಗೋ ಮೋಸ ಮಾಡಿ ಕಿತ್ತದ್ದಾಗಿದ್ದರೆ, ಕಳಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟ ಮೇಲೆ ಅದು ಹಾದು ಬಂದ ಖಾತೆಗಳಿಗೂ ತಡೆ ಬೀಳಬಹುದು. ದೂರು ಯಾವುದೋ ರಾಜ್ಯದ ಠಾಣೆಯಲ್ಲಿ, ಹಾಲಿನವನಿಗೆ ಕೊಡಬೇಕಾದ ದುಡ್ಡು ಇಲ್ಲಿ ಖಾತೆಯೊಳಗೆ. ಸರ್ಕಾರದಿಂದ ದೂರ ಹೊರಟವನು ಕೊನೆಗೆ ಪೊಲೀಸರಿಗೆ ಚಾಟ್, ಆರ್ಡರ್ ನಂಬರ್, ಸ್ಟೇಟ್‌ಮೆಂಟ್ ಒಪ್ಪಿಸುತ್ತಾ ಕೂರಬೇಕು.

ತೆರಿಗೆ ನೋಡಿ. ಒಂದು ನಾಣ್ಯದಲ್ಲಿ ಲಕ್ಷ ಲಾಭ, ಇನ್ನೊಂದರಲ್ಲಿ ಲಕ್ಷ ನಷ್ಟ: ಕೈಗೆ ಸೊನ್ನೆ, ತೆರಿಗೆ ಮೂವತ್ತು ಸಾವಿರ, ಮೇಲೆ ಸೆಸ್. ನಷ್ಟವನ್ನು ಲಾಭದಿಂದ ಕಳೆಯಲು 2022ರಿಂದ ಅವಕಾಶವೇ ಇಲ್ಲ.

ಬೆಲೆಯ ಮಾತು ಚುಟುಕಾಗಿ: 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರವಿದ್ದದ್ದು ಮರುವರ್ಷ ಅದೇ ತಿಂಗಳು 16,000ದ ಸುತ್ತ. ಇಡ್ಲಿಯ ದರ ಹೀಗೆ ಕುಣಿದರೆ ಬೋರ್ಡ್ ಬರೆಯುವವನಿಗಷ್ಟೇ ಲಾಭ.

ಪಿಎಂಸಿಯ ನೋವು ನಿಜ. ಆದರೂ ಐದು ಲಕ್ಷದವರೆಗೆ ಠೇವಣಿ ವಿಮೆ ಬಂತು, ಮಿಕ್ಕದ್ದಕ್ಕೆ ಹತ್ತು ವರ್ಷದವರೆಗಿನ ಕಂತು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯ ಕಳುವಾಯಿತು. ಹಲವರ ಸಹಿ ಬೇಕಿದ್ದ ವ್ಯಾಲೆಟ್. ಪರದೆಯ ಮೇಲೆ ಕಂಡದ್ದೊಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಕಂಪನಿಯೇ ಹೇಳಿತು. ಅಲ್ಲಿ ಠೇವಣಿ ವಿಮೆ ಎಂಬುದೇ ಇರಲಿಲ್ಲ. ಗ್ರಾಹಕರಿಗೆ ಎಷ್ಟು, ಹೇಗೆ ಮರಳಿಸಬೇಕೆಂಬ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು ಒಂದು ವರ್ಷದ ಮೇಲೆ, ಅದೂ ಸಿಂಗಪುರದ ಹೈಕೋರ್ಟಿನಲ್ಲಿ.