ಕಿಲಿಮಂಜಾರೋ ತಪ್ಪಲಿನ ಹುಡುಗಿ ಮತ್ತು ನಮ್ಮ ಹಿಟ್ಟಿನ ಕೋಲು

ಎರಡು ತಿಂಗಳು ನಮ್ಮ ಜೊತೆ ಇದ್ದ ಹುಡುಗಿ ಮೊನ್ನೆ ಭಾನುವಾರ ಮೈಸೂರಿಗೆ ವಾಪಸ್ ಹೋದಳು. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಬಸ್ ಹತ್ತಿಸಿ ಬಂದಾಗಿನಿಂದ ಇದನ್ನು ಬರೀಬೇಕು ಅಂತ ಮನಸ್ಸು ಒದ್ದಾಡುತ್ತಿದೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಅವಳು ತಾಂಜಾನಿಯಾದವಳು. ಕಿಲಿಮಂಜಾರೋ ಪರ್ವತದ ತಪ್ಪಲಲ್ಲಿ, ಮೋಶಿ ಅನ್ನೋ ಪಟ್ಟಣದ ಹತ್ತಿರ ಅವಳ ಹಳ್ಳಿ. ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದಾಳೆ. ಕೋರ್ಸಿನ ಭಾಗವಾಗಿ ಎಂಟು ವಾರ ಇಂಟರ್ನ್‌ಶಿಪ್‌ಗೆ ಬಂದಿದ್ದಳು. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುತ್ತಿಲ್ಲ. ನಮ್ಮದು ಹಳ್ಳಿ ಹೆಂಗಸರ ಸ್ವಸಹಾಯ ಸಂಘಗಳು, ಸರ್ಕಾರಿ ಶಾಲೆ ಮಕ್ಕಳು ಅಂತ ಓಡಾಡುವ ನಾಲ್ಕು ಜನರ ಸಣ್ಣ ಸಂಸ್ಥೆ. ಅವಳ ಅರ್ಜಿಯಲ್ಲಿ ಕೆಲಸದ ಹೆಸರು ಬರೆಯೋ ಜಾಗದಲ್ಲಿ 'ಬಹುಸಂಸ್ಕೃತಿ ವಿನಿಮಯ' ಅಂತ ಬರೆದವಳು ನಾನೇ. ಆ ಮಾತಿನ ಅರ್ಥ ನನಗೇ ಸರಿಯಾಗಿ ಗೊತ್ತಿರಲಿಲ್ಲ ಅನ್ನೋದು ಮೊದಲ ವಾರವೇ ಗೊತ್ತಾಯಿತು.

ಒಂದು ಶಾಲೆಗೆ ಕರೆದುಕೊಂಡು ಹೋದೆ. ಶಾಮಿಯಾನ, ಮೈಕು, ಹಾರ, ಮೈಸೂರು ಪೇಟ ಎಲ್ಲ ಸಿದ್ಧವಾಗಿತ್ತು. ಪ್ರೀತಿಯಿಂದಲೇ ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ಸ್ವಾಗತ ಭಾಷಣ ಮುಗೀತಿದ್ದ ಹಾಗೆ ಮೈಕ್ ಹಿಡಿದವರು "ಈಗ ನಮ್ಮ ಅತಿಥಿಗಳು ಆಫ್ರಿಕಾ ಡ್ಯಾನ್ಸ್ ಮಾಡಿ ತೋರಿಸ್ತಾರೆ" ಅಂದುಬಿಟ್ಟರು. ಮಕ್ಕಳ ಚಪ್ಪಾಳೆ. ಅವಳು ನನ್ನ ಕಡೆ ತಿರುಗಿ "ಅಕ್ಕಾ, ನಂಗೆ ಡ್ಯಾನ್ಸ್ ಬರಲ್ಲ" ಅಂದಳು. ಮಕ್ಕಳಿಗೆ ಕೇಳೋಕೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಹನ್ನೆರಡು ಪ್ರಶ್ನೆ ಬರೆದುಕೊಂಡು ಬಂದಿದ್ದಳು. ಶಾಲೆಗೆ ಎಷ್ಟು ದೂರ ನಡೀತೀರಿ, ಮನೆಗೆ ನೀರು ತರೋರು ಯಾರು, ಹೊಲದಲ್ಲಿ ಏನು ಬೆಳೀತೀರಿ, ಇಂಥವು. ಒಂದನ್ನೂ ಕೇಳೋಕೆ ಆಗಲಿಲ್ಲ. ಚರ್ಚಿನಲ್ಲಿ ಕಲಿತ ಒಂದು ಹಾಡು ಹೇಳಿ ಕೂತಳು. ಫೋಟೋ ಚೆನ್ನಾಗಿ ಬಂದಿತ್ತು, ನಮ್ಮ ಪೇಜಿನಲ್ಲಿ ಹಾಕಿದೆವು. ಆಮೇಲೆ ನಾನೇ ತೆಗೆಸಿದೆ. ಅವಳ ಮುಖ ಆ ಫೋಟೋದಲ್ಲಿ ನೋಡೋಕೆ ಆಗ್ತಿರಲಿಲ್ಲ.

ಮನೆ ಹುಡುಕಿದ ಕಥೆ ಇನ್ನೂ ಕಷ್ಟ. ಊರಲ್ಲಿ ಐದು ಕಡೆ ಕೇಳಿದೆ. ಫೋನಿನಲ್ಲಿ "ಬನ್ನಿ ಮೇಡಂ, ರೂಮ್ ಖಾಲಿ ಇದೆ" ಅಂದವರೇ ಅವಳನ್ನು ನೋಡಿದ ಮೇಲೆ "ನೆಂಟರು ಬರ್ತಾವ್ರೆ" ಅಂದರು. ಒಬ್ಬರು ಇಸ್ಕೊಂಡಿದ್ದ ಅಡ್ವಾನ್ಸನ್ನು ಸಂಜೆ ವಾಪಸ್ ಕೊಟ್ಟರು. ಅವಳು ಜಗಳ ಆಡಲಿಲ್ಲ, ಅಳಲೂ ಇಲ್ಲ. "ಮೈಸೂರಲ್ಲೂ ಹಿಂಗೇ ಆಗಿತ್ತು ಅಕ್ಕಾ" ಅಂದಳು ಅಷ್ಟೇ. ಆ ಒಂದು ಮಾತು ಕೇಳಿ ನನಗೆ ತಲೆ ಎತ್ತೋಕೆ ಆಗಲಿಲ್ಲ. ಮನೆಗೆ ಬಂದವರನ್ನು ದೇವರು ಅನ್ನೋ ನಾವು, ಬಂದವರ ಬಣ್ಣ ನೋಡಿ ಬಾಗಿಲು ತೆಗೀತೀವಲ್ಲ.

ಕೊನೆಗೆ ಅವಳಿಗೆ ಜಾಗ ಕೊಟ್ಟವರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಸಹೋದ್ಯೋಗಿಯ ತಾಯಿ. ಎಪ್ಪತ್ತು ದಾಟಿದ ಅಜ್ಜಿ. "ನಮ್ಮನೇಲಿ ಉಳ್ಕೊಳ್ಲಿ ಬಿಡವ್ವ, ಹೆಣ್ಮಗು" ಅಂದರು. ನಾನು ಹೇಳಬೇಕು ಅಂದುಕೊಂಡಿರೋದೆಲ್ಲ ಶುರುವಾಗೋದು ಅಲ್ಲಿಂದ.

ಮೊದಲ ಸಂಜೆ ಅಜ್ಜಿ ಹಿಟ್ಟು, ಅಂದರೆ ರಾಗಿ ಮುದ್ದೆ, ಮಾಡೋಕೆ ಕೂತರು. ಸೌದೆ ಒಲೆ. ಎಸರು ಮರಳಿತು, ಹಿಟ್ಟು ಬಿತ್ತು. ಪಾತ್ರೆ ಅಲುಗದ ಹಾಗೆ ಕವೆಗೋಲು ಒತ್ತಿಟ್ಟು ತೊಳಸೋಕೆ ಶುರು ಮಾಡಿದರು. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ಹುಡುಗಿ ಸೀದಾ ಒಳಗೆ ಬಂದು ಕುಕ್ಕರಗಾಲಲ್ಲಿ ಕೂತು ಕೈ ಚಾಚಿದಳು. ಅಜ್ಜಿ ಒಂದು ಗಳಿಗೆ ಅವಳ ಮುಖ ನೋಡಿ ಕೋಲು ಕೊಟ್ಟರು. ಅವಳ ಮಣಿಕಟ್ಟು ತಿರುಗಿದ್ದನ್ನು ನೀವು ನೋಡಬೇಕಿತ್ತು. ಪಾತ್ರೆಯ ಅಂಚಿಗೆ ಒತ್ತಿ, ಗಂಟು ಒಡೆದು, ತನ್ನ ಕಡೆಗೆ ಮಗುಚಿ, ಮತ್ತೆ ಒತ್ತಿ. "ಅಯ್ಯೋ, ಇವ್ಳಿಗೆ ಬತ್ತದೆ ಕಣವ್ವ! ಯಾರ್ ಕಲ್ಸಿದ್ರು?" ಅಂತ ಅಜ್ಜಿ ಬೆರಗಾದರು. ಅವಳ ಅಜ್ಜಿಯೇ ಕಲಿಸಿದ್ದಂತೆ. ಅಲ್ಲಿ ಅದಕ್ಕೆ ಉಗಾಲಿ ಅಂತಾರೆ, ಕೋಲಿಗೆ ಮ್ವಿಕೊ. ಹೆಚ್ಚಾಗಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಮಾಡ್ತಾರೆ, ರಾಗಿಯಲ್ಲೂ ಮಾಡೋದುಂಟು. ರಾಗಿಗೆ ಅವರ ಮಾತಿನಲ್ಲಿ ಉಲೇಜಿ. ಅದರ ಗಂಜಿಯನ್ನು ಅವರು ಎಳೆ ಮಕ್ಕಳಿಗೆ ಕುಡಿಸ್ತಾರೆ, ನಾವು ರಾಗಿ ಸರಿ ತಿನ್ನಿಸೋ ಹಾಗೇ.

ಉಣ್ಣೋದು ಮಾತ್ರ ಬೇರೆ. ನಾವು ಸಾರಿನಲ್ಲಿ ಅದ್ದಿ ನುಂಗ್ತೀವಿ. ಅವಳು ಒಂದು ತುತ್ತು ಮುರಿದು ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ ಗುಳಿ ಮಾಡಿ, ಆ ಗುಳಿಯಲ್ಲಿ ಸೊಪ್ಪು ಎತ್ತಿಕೊಂಡು ಅಗೀತಾಳೆ. "ಅಗೀಬ್ಯಾಡ ಕಣ್ ಮಗ, ನುಂಗು" ಅಂತ ಅಜ್ಜಿ ಮೂರು ದಿನ ಹೇಳಿಕೊಟ್ಟರು. ನಾಲ್ಕನೇ ದಿನ ನೋಡಿದರೆ ಅಜ್ಜಿಯೇ ಹೆಬ್ಬೆರಳಲ್ಲಿ ಗುಳಿ ಮಾಡಿ ದಂಟಿನ ಸೊಪ್ಪಿನ ಪಲ್ಯ ಎತ್ತಿಕೊಂಡು ಬಾಯಿಗಿಟ್ಟುಕೊಳ್ಳುತ್ತಿದ್ದರು.

ಅವರ ಮಾತಾದ ಸ್ವಾಹಿಲಿಯಲ್ಲಿ ಅಜ್ಜಿಗೆ ಬೀಬಿ ಅಂತಾರೆ. ದಿನಾ ಬೆಳಿಗ್ಗೆ ಅಜ್ಜಿಗೆ "ಶಿಕಮೂ, ಬೀಬಿ" ಅನ್ನುತ್ತಿದ್ದಳು. ಹಿರಿಯರಿಗೆ ಮಾತ್ರ ಹೇಳೋ ನಮಸ್ಕಾರ ಅದು, 'ನಿಮ್ಮ ಕಾಲು ಹಿಡೀತೀನಿ' ಅನ್ನೋ ಮಾತಿನಿಂದ ಬಂದಿದ್ದು ಅಂತಾರೆ. ಹಿರಿಯರು "ಮರಹಬಾ" ಅನ್ನಬೇಕು. ಎರಡನೇ ವಾರಕ್ಕೆ ಅಜ್ಜಿ ಅದನ್ನು ಕಲಿತರು. ಬೀದಿಯ ಮಕ್ಕಳೆಲ್ಲ ಶಿಕಮೂ ಹೇಳಿ ಮರಹಬಾ ಅನ್ನಿಸಿಕೊಂಡು ಹೋಗುತ್ತಿದ್ದವು.

ರಾಗಿ ವಿಷಯ ಇಷ್ಟಕ್ಕೇ ಬಿಡೋಕೆ ಮನಸ್ಸಿಲ್ಲ. ಮಂಡ್ಯ ಅಂದರೆ ಮುದ್ದೆ ಅಂತ ನಾವು ಎದೆ ತಟ್ಟಿಕೊಂಡು ಹೇಳ್ತೀವಿ. ಆ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಇಥಿಯೋಪಿಯಾ, ಉಗಾಂಡಾ ಸೀಮೆ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ನಮ್ಮ ಕೆಂಪು ಮಣ್ಣಿಗೆ ಒಗ್ಗಿಕೊಂಡಿತು. ಕಥೆ ಅಲ್ಲಿಗೂ ನಿಲ್ಲಲಿಲ್ಲ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು, ಜನ ರಾಗಿ ಬ್ರಹ್ಮ ಅಂತ ಕರೆದವರು, ನಮ್ಮ ತಳಿಗೂ ಆಫ್ರಿಕಾದ ತಳಿಗೂ ಅಡ್ಡಹಾಯಿಸಿ ಹೊಸ ರಾಗಿಗಳನ್ನು ಕೊಟ್ಟರು. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನೊಳಗೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತೆ. ಅದನ್ನು ಅಡ್ಡಹಾಯಿಸೋಕೆ ಎಂಥ ತಾಳ್ಮೆ ಬೇಕು ಯೋಚನೆ ಮಾಡಿ. 1970ರ ದಶಕದಿಂದ ರೈತರ ಹೊಲಕ್ಕೆ ಬಂದ ಇಂಡಾಫ್ ತಳಿಗಳು ಇವೇ. ಇಂಡಾಫ್-5, ಇಂಡಾಫ್-9 ಅಂತ ನಮ್ಮ ಅಪ್ಪ ಬೀಜದ ಚೀಲ ತರುತ್ತಿದ್ದರು. ಇಂಡಾಫ್ ಅಂದರೆ ಇಂಡಿಯಾ ಮತ್ತು ಆಫ್ರಿಕಾ. ಇದನ್ನು ಹುಡುಗಿಗೆ ಹೇಳಿದಾಗ ಅವಳು ಎರಡು ಸಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಜ್ಜಿಗೆ ಹೇಳಿದೆ. "ಹಂಗಾರೆ ಇವ್ಳು ತವರುಮನೆ ಕಡೆಯೋಳು" ಅಂದರು.

ಬಾಡಿಗೆಗೆ ಕೋಣೆ ಕೊಡದೆ ಕಳಿಸಿದ ಮನೆಗಳಲ್ಲೂ ಆವತ್ತು ರಾತ್ರಿ ಮುದ್ದೆಯೇ ಬೆಂದಿರುತ್ತೆ.

ಆಮೇಲೆ ನಾವು ಕೆಲಸದ ರೀತಿಯನ್ನೇ ಬದಲಾಯಿಸಿದೆವು. ಶಾಲೆಗೆ ಮತ್ತೆ ಹೋದಾಗ ಮೈಕು, ಪೇಟ ಬೇಡ ಅಂತ ಮೊದಲೇ ಕೇಳಿಕೊಂಡೆ. ಹೊಂಗೆ ಮರದ ಕೆಳಗೆ ಏಳನೇ ಕ್ಲಾಸಿನ ಮಕ್ಕಳು ಸುತ್ತ ಕೂತವು. ಅವಳು ತನ್ನ ಹನ್ನೆರಡು ಪ್ರಶ್ನೆ ಕೇಳಿದಳು, ನಾನು ಕನ್ನಡಕ್ಕೆ ಹೇಳಿದೆ. ಮಕ್ಕಳು ತಿರುಗಿಸಿ ಕೇಳಿದವು. ಒಬ್ಬ ಹುಡುಗ "ನಿಮ್ಮೂರಲ್ಲಿ ನಾಲೆ ಐತಾ?" ಅಂದ. ಅವಳ ಮುಖ ಅರಳಿತು. ಕಿಲಿಮಂಜಾರೋ ಇಳಿಜಾರಿನಲ್ಲಿ ಚಗ್ಗಾ ಜನ ತಲೆಮಾರುಗಳಿಂದ ಕಾಲುವೆ ತೋಡಿ ಬೆಟ್ಟದ ಹೊಳೆ ನೀರನ್ನು ಬಾಳೆ ತೋಟಕ್ಕೆ ತರುತ್ತಾರೆ, ಯಾರಿಗೆ ಯಾವಾಗ ನೀರು ಅಂತ ಸರದಿ ಇರುತ್ತೆ ಅಂತ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದಳು. "ನಮ್ ನಾಲೇಲೂ ಕಟ್ಟು ನೀರು ಬಿಡ್ತಾರೆ ಮಿಸ್! ನಮ್ಮೂರಲ್ಲಿ ನೀರು ಹಂಚೋ ನೀರುಗಂಟಿ ಅವ್ರೆ!" ಅಂತ ಆ ಹುಡುಗ ಎದ್ದು ನಿಂತ. ವಿ.ಸಿ. ನಾಲೆ (ವಿಶ್ವೇಶ್ವರಯ್ಯ ನಾಲೆ) ಎಲ್ಲಿ ಬರುತ್ತೆ, ತೂಬು ಎಲ್ಲಿದೆ, ತನ್ನ ಗದ್ದೆ ಎಲ್ಲಿ ಅಂತ ಅವಳ ಗೆರೆಯ ಪಕ್ಕದಲ್ಲೇ ತಾನೂ ಎಳೆದ. ಮಧ್ಯಾಹ್ನದ ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ವಿದೇಶಿ ವಿದ್ಯಾರ್ಥಿಗಳನ್ನು ಕರೆಸುವ ಸಂಸ್ಥೆಗಳು, ಕಾಲೇಜುಗಳು ಮೈಸೂರು, ಮಂಡ್ಯದಲ್ಲಿ ಇನ್ನೂ ಇವೆ. ಅವರಿಗೆ ನನ್ನ ಬೇಡಿಕೆ ಇಷ್ಟು. ಆ ಮಕ್ಕಳನ್ನು ವೇದಿಕೆಗೆ ಹತ್ತಿಸೋ ಮುಂಚೆ ಒಂದು ಅಡುಗೆ ಮನೆಗೆ ಕರೆದುಕೊಂಡು ಹೋಗಿ. ಮೊದಲ ವಾರ 'ಊಟ ಆಯ್ತಾ, ಬಸ್ ಎಷ್ಟೊತ್ತಿಗೆ' ಅನ್ನೋಷ್ಟು ಕನ್ನಡ ಕಲಿಸಿ. ಬ್ಯಾನರ್ ಹಿಡಿದು ನಿಲ್ಲೋ ಕೆಲಸ ಬಿಟ್ಟು ನಿಜವಾದ ಕೆಲಸ ಕೊಡಿ. ಈ ಹುಡುಗಿ ನಮ್ಮ ಮೂರು ಸಂಘಗಳ ಉಳಿತಾಯದ ಲೆಕ್ಕದ ಪುಸ್ತಕ ಸರಿಮಾಡಿ ಹೋಗಿದ್ದಾಳೆ, ಅದನ್ನು ನಮ್ಮಲ್ಲಿ ಯಾರೂ ವರ್ಷದಿಂದ ಮುಟ್ಟಿರಲಿಲ್ಲ. ಮತ್ತೆ, ಮನೆ ಹುಡುಕೋ ಹೊಣೆಯನ್ನು ಅವರ ತಲೆ ಮೇಲೆ ಹಾಕಬೇಡಿ. ಬಾಗಿಲಲ್ಲಿ ನಿಂತು ಇಲ್ಲ ಅನ್ನಿಸಿಕೊಳ್ಳೋದು ಅವರ ಪಾಲಿಗೆ ಬರಬಾರದು.

ಮುಂದಿನ ವರ್ಷ ಇನ್ನಿಬ್ಬರು ಹುಡುಗಿಯರು ಬರೋರಿದ್ದಾರೆ. ಮಂಡ್ಯ ಊರೊಳಗೆ, ಬಸ್ ಸ್ಟ್ಯಾಂಡಿಗೆ ಹತ್ತಿರ ಎರಡು ತಿಂಗಳಿಗೆ ಒಂದು ಕೋಣೆ ಬೇಕು. ಬಾಡಿಗೆ ಕರಾರು ನಮ್ಮ ಸಂಸ್ಥೆ ಹೆಸರಿನಲ್ಲೇ ಇರುತ್ತೆ. ವಿದೇಶಿಯರು ಉಳಿದುಕೊಂಡಾಗ ಪೊಲೀಸ್ ಇಲಾಖೆಗೆ ಕೊಡಬೇಕಾದ ಮಾಹಿತಿಯನ್ನು ಸೇರಿಸೋಕೆ ನಾವೇ ಜೊತೆಗಿರುತ್ತೇವೆ. ಅಡುಗೆ ಮಾಡಿಕೊಳ್ಳೋಕೆ ಒಪ್ಪಿಗೆ ಇರಬೇಕು. ಕೊಡೋ ಮನಸ್ಸಿರೋರು ಇನ್‌ಬಾಕ್ಸ್‌ಗೆ ಬರೆಯಿರಿ, ನಾನೇ ಬಂದು ಮಾತಾಡ್ತೀನಿ.